ಮಿಟುಕಿ ಹೇಳಬೇಕಾದ ಕೊನೆಯ ಮಾತು

ಆ ಮಳೆಗಾಲದ ಆರಂಭದಲ್ಲಿ ನನ್ನ ಕೆಲಸವೆಂದರೆ ಒಂದು ಕೊಕ್ಕು ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂದು ನೋಡುವುದು. ಹಿಂದಿಯಲ್ಲಿ ತಯಾರಾದ ಒಂದು ಮಕ್ಕಳ ಕಾರ್ಟೂನ್ ಮಾಲಿಕೆಯನ್ನು ನಮ್ಮ ಕಡೆಯ ಮಾತಿಗೆ ತರುವ ಕೆಲಸ ಹುಬ್ಬಳ್ಳಿಯ ಒಂದು ಸಣ್ಣ ಸ್ಟುಡಿಯೊಗೆ ಸಿಕ್ಕಿತ್ತು. ಸಂಭಾಷಣೆ ಬರೆಯುವುದನ್ನು ಅವರು ನನಗೆ ಒಪ್ಪಿಸಿದ್ದರು. ರೋಣದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಚಿತ್ರವನ್ನು ಅರ್ಧ ವೇಗಕ್ಕೆ ಇಳಿಸಿ, ಕೊಕ್ಕು ತೆರೆದ ಕಡೆಯೆಲ್ಲ ಒಂದೊಂದು ಗೆರೆ ಎಳೆಯುತ್ತಿದ್ದೆ. ಗೆರೆಗಳಿಗೆ ಸರಿಯಾಗಿ ಮಾತು ಕೂರಿಸಬೇಕು. ಮಾತು ಉದ್ದವಾದರೆ ಮುಚ್ಚಿದ ಕೊಕ್ಕಿನಿಂದ ದನಿ ಬರುತ್ತದೆ. ಗಿಡ್ಡವಾದರೆ ಹಕ್ಕಿ ಸುಮ್ಮನೆ ಬಾಯಿ ಆಡಿಸುತ್ತದೆ. ಈ ಎರಡು ತಪ್ಪುಗಳೂ ಮಕ್ಕಳಿಗೆ ತಟ್ಟನೆ ಗೊತ್ತಾಗುತ್ತವೆ.

ಕಥೆಯ ನಾಯಕಿ ಒಂದು ಗೂಬೆಯ ಮರಿ. ಗೂಬೆಯಾಗಿಯೂ ಅದಕ್ಕೆ ಕತ್ತಲೆಯ ಅಂಜಿಕೆ. ಎಲ್ಲ ಕಥೆಗಳೂ ಹುಟ್ಟುವುದು ಅದರಿಂದಲೇ. ದೊಡ್ಡ ಕಣ್ಣುಗಳನ್ನು ಪಿಳಿಪಿಳಿ ಮಿಟುಕಿಸುವ ಅದಕ್ಕೆ ಮಿಟುಕಿ ಎಂದು ನಾನೇ ಹೆಸರಿಟ್ಟೆ.

ಈ ಕೆಲಸ ನನಗೆ ಬೇಕಾಗಿತ್ತು. ನಮ್ಮ ಊರಿನ ಮಕ್ಕಳು ನೋಡುವ ಕಾರ್ಟೂನುಗಳೆಲ್ಲ ಪಾಠದ ಪುಸ್ತಕದ ಹಾಗೆ ಮಾತಾಡುತ್ತವೆ. ನಮ್ಮ ಮಾತು ಪರದೆಯ ಮೇಲೆ ಬಂದರೆ ಅದು ಕಾವಲುಗಾರನ ಬಾಯಲ್ಲಿ, ಇಲ್ಲವೇ ಕುಡುಕನ ಬಾಯಲ್ಲಿ, ನಗಿಸುವುದಕ್ಕೆ. ಒಬ್ಬ ನಾಯಕಿ ನಮ್ಮ ಮಾತಿನಲ್ಲಿ ಅಳುವುದನ್ನು, ಉಪಾಯ ಹೂಡುವುದನ್ನು, ತಾಯಿಯ ಮೇಲೆ ಸಿಟ್ಟಾಗುವುದನ್ನು ನಾನು ಕೇಳಿರಲಿಲ್ಲ. ಕೊಕ್ಕಿನ ಲೆಕ್ಕಕ್ಕೂ ನಮ್ಮ ಮಾತೇ ಅನುಕೂಲವಾಯಿತು. ‘ಎಲ್ಲಿಗೆ ಹೋಗುತ್ತಿದ್ದೀಯ’ ಎನ್ನುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು. ‘ಎಲ್ಲಿ ಹೊಂಟಿ’ ಎಂದರೆ ಕೊಕ್ಕಿಗೆ ಸರಿಯಾಗಿ ಕೂಡುತ್ತಿತ್ತು.

ಗೂಬೆಯ ಬಗ್ಗೆ ಮಾತ್ರ ನನಗೆ ಮೊದಲಿನಿಂದಲೂ ಅಳುಕಿತ್ತು. ನಮ್ಮ ಕಡೆ ಗೂಬೆಯನ್ನು ಗೂಗಿ ಅನ್ನುತ್ತಾರೆ, ಅದು ಮಾಳಿಗೆಯ ಮೇಲೆ ಕೂತರೆ ಅಪಶಕುನವೆಂದು ಓಡಿಸುತ್ತಾರೆ. ಇದನ್ನು ಸ್ಟುಡಿಯೊದ ನಿರ್ಮಾಪಕರಿಗೆ ಹೇಳಿದೆ. ಚಿತ್ರ ಬದಲಿಸುವುದು ನಮ್ಮ ಕೈಯಲ್ಲಿಲ್ಲ, ಈಗಿನ ಮಕ್ಕಳಿಗೆ ಅದೆಲ್ಲ ಗೊತ್ತಿರುವುದಿಲ್ಲ ಎಂದರು. ನಾನು ಮಾತಿನಲ್ಲಿ ಎಲ್ಲಿಯೂ ಗೂಗಿ ಎಂಬ ಪದ ಬರದಂತೆ ನೋಡಿಕೊಂಡೆ. ಹಕ್ಕಿಮರಿ ಎಂದು ಬರೆದೆ.

ಮಿಟುಕಿಯ ದನಿ ನರಗುಂದದ ಒಬ್ಬ ಶಾಲಾ ಶಿಕ್ಷಕಿಯದು. ಅವರ ಶಾಲೆಯ ಮಕ್ಕಳು ಕರೆಯುವಂತೆ ನಾನೂ ಅಕ್ಕೋರೆ ಎನ್ನುತ್ತಿದ್ದೆ. ಐವತ್ತು ದಾಟಿದವರು. ಸಂತೆಯಲ್ಲಿ ಗದರಿಸಿ ಚೌಕಾಶಿ ಮಾಡುವ ಅವರ ಗಂಟಲಿನಲ್ಲಿ ಐದು ವರ್ಷದ ಹುಡುಗಿಯೊಬ್ಬಳು ಎಲ್ಲಿ ಅಡಗಿ ಕೂತಿದ್ದಳೋ ತಿಳಿಯದು. ಭಾನುವಾರಗಳಲ್ಲಿ ನಾನು ಮೈಕು, ಲ್ಯಾಪ್‌ಟಾಪು ಹೊತ್ತು ಯಾವಗಲ್ ಊರನ್ನು ದಾಟಿ ನರಗುಂದಕ್ಕೆ ಹೋಗುತ್ತಿದ್ದೆ. ಅವರ ಒಳಕೋಣೆಯ ನಾಲ್ಕೂ ಗೋಡೆಗೆ ಕೌದಿಗಳನ್ನು ತೂಗುಹಾಕುತ್ತಿದ್ದೆವು. ಹಳೆಯ ಸೀರೆಗಳನ್ನು ಹತ್ತಾರು ಪದರ ಹೊಲಿದ ಆ ಕೌದಿಗಳು ದನಿಯ ಪ್ರತಿಧ್ವನಿಯನ್ನು ಹೀರಿಕೊಳ್ಳುವಷ್ಟು ಚೆನ್ನಾಗಿ ಪೇಟೆಯ ಸ್ಪಂಜೂ ಹೀರುವುದಿಲ್ಲ. ಫ್ಯಾನು ಬಂದ್, ಕುಕ್ಕರು ಬಂದ್. ಹೊರಗೆ ಟ್ರ್ಯಾಕ್ಟರು ಬಂದರೆ ಅದು ಹೋಗುವವರೆಗೆ ಇಬ್ಬರೂ ಬೆವರುತ್ತ ಸುಮ್ಮನೆ ಕೂರುತ್ತಿದ್ದೆವು.

ಪ್ರತಿ ಕಂತಿನ ಕೊನೆಗೂ ಒಂದೇ ತುಣುಕು ಇತ್ತು. ಕಥೆ ಮುಗಿದ ಮೇಲೆ ನಕ್ಷತ್ರಗಳಿರುವ ನೀಲಿ ಹಿನ್ನೆಲೆಯಲ್ಲಿ ಮಿಟುಕಿಯ ಮುಖ ದೊಡ್ಡದಾಗಿ ಬರುತ್ತದೆ, ನೇರ ನಮ್ಮನ್ನೇ ನೋಡಿ ಮಾತಾಡುತ್ತದೆ. ನಾನು ಅಂಗಡಿಯಲ್ಲಿ ನಿನ್ನ ದಾರಿ ಕಾಯುತ್ತಿದ್ದೇನೆ, ಮನೆಗೆ ಕರೆದುಕೊಂಡು ಹೋಗು ಎಂಬುದು ಹಿಂದಿ ಮಾತಿನ ಅರ್ಥ. ಆಮೇಲೆ ಆಟಿಕೆಯ ಡಬ್ಬಿಯ ಚಿತ್ರ. ಮಾಲಿಕೆಗೆ ಹಣ ಹಾಕಿದ್ದು ಆಟಿಕೆಯ ಕಂಪನಿ, ಆದ್ದರಿಂದ ಅದು ಇರಲೇಬೇಕಾದ ತುಣುಕು. ನಾನು ಅದನ್ನೂ ಉಳಿದವುಗಳ ಹಾಗೆಯೇ ಕೂರಿಸಿದೆ. ಮೊದಲ ವಾಕ್ಯ ಮುಗಿದ ಮೇಲೂ ಕೊಕ್ಕು ನಾಲ್ಕು ಸಲ ಆಡುತ್ತಿತ್ತು. ಅಲ್ಲಿಗೆ ‘ಒಬ್ಬಾಕಿನ’, ಅಂದರೆ ಒಬ್ಬಳೇ, ಎಂಬ ಪದ ಹುಡುಕಿ ಸೇರಿಸಿದೆ.

“ನಾ ಇಲ್ಲೆ ಅಂಗಡಿಯಾಗ ಕುಂತೀನಿ, ಒಬ್ಬಾಕಿನ. ನಿಮ್ಮ ದಾರಿ ನೋಡಾಕತ್ತೀನಿ. ನನ್ನ ಮನಿಗೆ ಕರ್ಕೊಂಡು ಹೋಗ್ರಿ.”

ಅಕ್ಕೋರು ‘ಒಬ್ಬಾಕಿನ’ ಎಂಬಲ್ಲಿ ದನಿಯನ್ನು ಸ್ವಲ್ಪ ಇಳಿಸಿದರು. ಒಂದೇ ಟೇಕಿಗೆ ಸರಿಯಾಯಿತು.

ಮೊದಲ ನಾಲ್ಕು ಕಂತು ಸಿದ್ಧವಾದ ಮೇಲೆ ಮಕ್ಕಳಿಗೆ ತೋರಿಸಿ ನೋಡಬೇಕಾಗಿತ್ತು. ಗಜೇಂದ್ರಗಡದಲ್ಲಿ ನನ್ನ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಿದೆ, ಪಡಸಾಲೆ ದೊಡ್ಡದು, ಗೋಡೆಗೆ ಟಿವಿಯೂ ಇದೆ. ಓಣಿಯ ತಾಯಂದಿರನ್ನು ಕೇಳಿ ಹದಿನೈದು ಮಕ್ಕಳನ್ನು ಕೂರಿಸಿದೆವು. ಯಾವ ಮಾತಿಗೆ ನಗುತ್ತಾರೆ, ಎಲ್ಲಿ ಅತ್ತಿತ್ತ ನೋಡುತ್ತಾರೆ ಎಂದು ನಾನು ಬಾಗಿಲ ಬಳಿ ಕೂತು ಗಮನಿಸುತ್ತಿದ್ದೆ. ಮಿಟುಕಿ ಬಾಯಿ ತೆರೆದು “ಯವ್ವಾ, ಕತ್ತಲಾತು, ದೀಪಾ ಹಚ್ಚ” ಎಂದಾಗ ಒಬ್ಬ ಹುಡುಗ ಪಕ್ಕದವನನ್ನು ತಿವಿದು, “ಏ, ಇದು ನಮ್ಮಂಗ ಮಾತಾಡ್ತೈತಲೇ” ಎಂದ. ಆಮೇಲೆ ಯಾರೂ ಅತ್ತಿತ್ತ ನೋಡಲಿಲ್ಲ. ಅಷ್ಟು ಸಂತೋಷ ನನಗೆ ಕೆಲಸದಲ್ಲಿ ಎಂದೂ ಆಗಿರಲಿಲ್ಲ. ಕಂತುಗಳನ್ನು ಚಿಗವ್ವನ ಟಿವಿಯಲ್ಲೇ ಬಿಟ್ಟುಬಂದೆ. ಮಕ್ಕಳು ಪ್ರತಿ ಸಂಜೆ ಬಂದು ಅವನ್ನೇ ಮತ್ತೆ ಮತ್ತೆ ನೋಡುತ್ತಿದ್ದಾರೆ ಎಂದು ಆಕೆ ಫೋನಿನಲ್ಲಿ ಹೇಳುತ್ತಿದ್ದಳು.

ಅದೇ ವಾರ ಗಜೇಂದ್ರಗಡದ ಬಜಾರಿನ ಒಂದು ಅಂಗಡಿಗೆ ಕಂಪನಿಯವರು ಮಿಟುಕಿ ಬೊಂಬೆಗಳನ್ನು ಕಳಿಸಿದ್ದರು. ನಿರ್ಮಾಪಕರು ನನಗೆ ತಿಳಿಸಿದ್ದು ಬೊಂಬೆ ಹೋಗಿ ಮುಟ್ಟಿದ ಮೇಲೆ. ಕಂತು ನೋಡಿದ ಮಕ್ಕಳು ಬೊಂಬೆ ಕೇಳುತ್ತಾರೋ ಇಲ್ಲವೋ ವಿಚಾರಿಸಿ ಹೇಳಬೇಕೆಂದರು. ಅಂಗಡಿಯವರಿಗೆ ನನ್ನ ನಂಬರನ್ನೂ ಕೊಟ್ಟಿದ್ದರು.

ಅಂಗಡಿಯವರು ಫೋನ್ ಮಾಡಿದ್ದು ಒಂದು ಬೆಳಿಗ್ಗೆ. ಹಳೆಯ ವ್ಯಾಪಾರಸ್ಥರ ಮನೆತನ, ಗಂಭೀರ ದನಿ.

“ತಂಗಿ, ಈ ನಿಮ್ಮ ಗೂಗಿಗೆ ದಿನಾ ರೊಟ್ಟಿ ಎಡಿ ಇಡೂ ಪದ್ಧತಿ ಏನರ ಐತೇನು?”

ಅರ್ಥವಾಗಲಿಲ್ಲ ಎಂದೆ. “ಬಂದು ನೋಡ್ರಿ. ಫೋನಿನಾಗ ಹೇಳಿದ್ರ ನನಗ ಹುಚ್ಚು ಹಿಡದೈತಿ ಅಂತೀರಿ” ಎಂದು ಇಟ್ಟುಬಿಟ್ಟರು.

ಅಂದು ಅಮಾವಾಸ್ಯೆ. ಇಟಗಿಯ ಗುಡಿಗೆ ಹೋಗುವವರಿಂದ ಬಸ್ಸು ತುಂಬಿತ್ತು, ನಿಂತುಕೊಂಡೇ ಹೋದೆ. ಶಾಲೆಯ ಚೀಲ, ಬಳೆ, ಪ್ಲಾಸ್ಟಿಕ್ ಚೆಂಡು, ಕೊಡೆ ಎಲ್ಲ ಮಾರುವ ಅಂಗಡಿ ಅದು. ಒಂದು ಹಲಗೆಯ ಮೇಲೆ ಮಿಟುಕಿಯ ಡಬ್ಬಿಗಳು, ಮುಂದೆ ಗಿರಾಕಿಗೆ ತೋರಿಸಲೆಂದು ಡಬ್ಬಿಯಿಂದ ತೆಗೆದಿಟ್ಟ ಒಂದು ಬೊಂಬೆ. ಹೊಟ್ಟೆ ಒತ್ತಿದರೆ ಕಣ್ಣು ಮಿಟುಕಿಸುತ್ತದೆ. ಅದರ ಕಾಲ ಬಳಿ ಒಂದು ಸ್ಟೀಲಿನ ಸಣ್ಣ ತಾಟು.

ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಬಂದಳು. ಚಿಗವ್ವನ ಪಡಸಾಲೆಯಲ್ಲಿ ಎಲ್ಲರಿಗಿಂತ ಮುಂದೆ, ಟಿವಿಯ ಕೆಳಗೇ ಕೂತಿದ್ದವಳು. ಐದು ವರ್ಷವಿರಬಹುದು. ಅಂಗಡಿಯ ಹಿಂದಿನ ಓಣಿಯಲ್ಲೇ ಅವಳ ಮನೆ. ಕೈಯಲ್ಲಿ ಶೇಂಗಾ ಚಟ್ನಿ ಸವರಿದ ಅರ್ಧ ಜೋಳದ ರೊಟ್ಟಿ. ಅದನ್ನು ತಾಟಿನಲ್ಲಿಟ್ಟು, ಬೊಂಬೆಯ ಹೊಟ್ಟೆ ಒತ್ತಿ, ಅದು ಕಣ್ಣು ಮಿಟುಕಿಸಿದ ಮೇಲೆ ಅಂಗಡಿಯವರ ಕಡೆ ತಿರುಗಿದಳು.

“ನಿನ್ನಿದು ತಿಂದ್ಲೇನ್ರಿ?”

“ತಿಂದ್ಲವ್ವ, ತಿಂದ್ಲು.”

ಅವಳು ಹೋದ ಮೇಲೆ ಅಂಗಡಿಯವರು ನನ್ನನ್ನು ನೋಡಿ, ಚಹಾದ ಜೊತೆ ತಾವೇ ತಿನ್ನುವುದಾಗಿ ತಗ್ಗಿದ ದನಿಯಲ್ಲಿ ಹೇಳಿದರು. ಮಗು ಕೊಟ್ಟದ್ದನ್ನು ಚೆಲ್ಲಲು ಮನಸ್ಸಾಗಲಿಲ್ಲವಂತೆ. “ಚಟ್ನಿ ಭಾಳ ಚಲೋ ಮಾಡ್ತಾರ ಅವರ ಮನ್ಯಾಗ” ಎಂದೂ ಸೇರಿಸಿದರು. ಅವಳನ್ನು ನೋಡಿ ಓಣಿಯ ಇನ್ನಿಬ್ಬರು ಹುಡುಗಿಯರೂ ಬೆಲ್ಲ ತರಲು ಶುರು ಮಾಡಿದ್ದರು. ಅಲ್ಲಿಯವರೆಗೆ ಇದು ನಗುವ ಸಂಗತಿಯೇ ಆಗಿತ್ತು. ಸಂಜೆಯವರೆಗೆ ಇದ್ದು ನೋಡ್ರಿ ಎಂದು ಅವರೇ ಅಂದರು. ಇದ್ದೆ.

ಅಂಗಡಿ ಮುಚ್ಚುವ ಹೊತ್ತಿಗೆ ಹುಡುಗಿ ಮತ್ತೆ ಬಂದಳು. ಈ ಸಲ ಅವಳ ಅಜ್ಜಿಯೂ ಹಿಂದೆ ಇದ್ದರು. ಶಟರು ಅರ್ಧ ಇಳಿಯುತ್ತಲೇ ಹುಡುಗಿ ಬಗ್ಗಿ ಒಳಗೆ ನೋಡಿದಳು, ಒಂದು ದೀಪ ಹಚ್ಚೇ ಬಿಡ್ರಿ ಎಂದು ಕೇಳಿದಳು. ಬಿಟ್ಟೇನಿ ಎಂದು ಅಂಗಡಿಯವರು ಹೇಳಿದರೂ ಅವಳು ಶಟರಿನ ಅಂಚನ್ನು ಹಿಡಿದ ಕೈ ಬಿಡಲಿಲ್ಲ. ಜೋರಾಗಿ ಅಳಲಿಲ್ಲ. ಮುಖ ಮಾತ್ರ ದೊಡ್ಡವರ ಮುಖದ ಹಾಗೆ ಆಗಿತ್ತು. ನನ್ನ ಗುರುತು ಹಿಡಿದು, ಟಿವಿಗೆ ಮಿಟುಕಿಯನ್ನು ತಂದವಳು ನಾನೇ ಎಂದು ನೆನಪಾಗಿ, ಹತ್ತಿರ ಬಂದಳು.

“ಅಕ್ಕಾ, ಆಕಿಗೆ ಕತ್ತಲಂದ್ರ ಅಂಜಿಕಿ ಬರ್ತೈತಲ್ರಿ. ಒಬ್ಬಾಕಿನ ಹ್ಯಾಂಗ ಇರ್ತಾಳ?”

ಅಜ್ಜಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎತ್ತಿಕೊಂಡರು.

ಅವರ ಕಟ್ಟೆಯ ಮೇಲೆ ಕೂತು ಅಜ್ಜಿಯೊಡನೆ ಮಾತಾಡಿದೆ. ಬೊಂಬೆ ಕೊಡಿಸುವುದು ಅವರಿಗೆ ದೊಡ್ಡ ಮಾತಾಗಿರಲಿಲ್ಲ. ಆದರೆ ಕಣ್ಣು ನೋಡಿದರೇ ತಿಳಿಯುತ್ತದೆ, ಅದು ಗೂಗಿ, ಹೊಸ್ತಿಲು ದಾಟಿಸುವಂತಿಲ್ಲ. ಹಾಗಾದರೆ ರೊಟ್ಟಿ ಒಯ್ಯಲು ಬಿಟ್ಟದ್ದೇಕೆ ಎಂದು ಕೇಳಿದೆ.

“ಮನಿಗೆ ಬ್ಯಾಡ ಅಂದೆ, ಅದು ಖರೇ. ಆದ್ರ ಹಸದು ಕುಂತೈತಿ ಅಂತ ಕೂಸು ಹೇಳಿದ ಮ್ಯಾಲ ರೊಟ್ಟಿ ಕೊಡಬ್ಯಾಡ ಅಂತ ಯಾ ಬಾಯಿಲೆ ಹೇಳ್ಲಿ ಯವ್ವಾ?”

ಈಗ ಅದು ರೊಟ್ಟಿಗೆ ನಿಂತಿರಲಿಲ್ಲ. ಹುಡುಗಿ ತನ್ನ ಊಟದಲ್ಲಿ ಅರ್ಧ ಎತ್ತಿಡುತ್ತಿದ್ದಳು. ತುತ್ತು ಬಾಯಿಗಿಟ್ಟ ಕೂಡಲೇ ಆಕಿ ಉಂಡಿರಬಹುದೇ ಎಂದು ಕೇಳುತ್ತಿದ್ದಳು, ಆಮೇಲೆ ಇನ್ನೊಂದು ತುತ್ತು ಇಳಿಯುತ್ತಿರಲಿಲ್ಲ. ಅದು ಬರೀ ಬೊಂಬೆ, ಹಸಿವಿಲ್ಲ, ನಿದ್ದೆಯಿಲ್ಲ ಎಂದು ತಾಯಿ, ಅಜ್ಜಿ ಇಬ್ಬರೂ ಹೇಳಿ ನೋಡಿದ್ದರು.

“ಅದಕ್ಕ ಏನಂತಾಳ ಗೊತ್ತೇನು? ಆಕಿನ ಹೇಳ್ಯಾಳ, ನಾ ಅಂಗಡಿಯಾಗ ಕುಂತೀನಿ ಅಂತ. ನೀವು ಹೇಳೂದು ಖರೇನೋ, ಆಕಿ ಹೇಳೂದು ಖರೇನೋ ಅಂತಾಳ. ಏನ್ ಹೇಳ್ಲಿ ಇದಕ್ಕ?”

ರೋಣಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಕಾಣುತ್ತಿದ್ದವು, ಎರೆಹೊಲಗಳೆಲ್ಲ ಕತ್ತಲೆಯಲ್ಲಿದ್ದವು. ನಾವು ಜಾಹೀರಾತು ನೋಡುವಾಗ, ಇದು ಮಾರುವವನ ಮಾತು ಎಂದು ಒಳಗೊಂದು ಎಚ್ಚರ ತಾನಾಗಿಯೇ ಇರುತ್ತದೆ. ಐದು ವರ್ಷದವರಿಗೆ ಅದು ಇನ್ನೂ ಬಂದಿರುವುದಿಲ್ಲ. ಕಥೆಯಲ್ಲಿ ಜೊತೆಗೆ ಅಂಜಿ, ಜೊತೆಗೆ ನಕ್ಕ ಗೆಳತಿ ಕೊನೆಗೆ ತಿರುಗಿ ನನ್ನನ್ನು ಕರೆದುಕೊಂಡು ಹೋಗು ಎಂದರೆ ಅದು ಗೆಳತಿಯ ಕಷ್ಟವೇ ಹೊರತು ಯಾರದೋ ವ್ಯಾಪಾರವಲ್ಲ. ಪುಸ್ತಕದ ಕನ್ನಡದಲ್ಲಿ ಅದೇ ಮಾತು ಬಂದಿದ್ದರೆ ಇಷ್ಟು ತಾಗುತ್ತಿರಲಿಲ್ಲವೇನೋ. ನಾನು ಅದನ್ನು ಓಣಿಯ ಮಾತಿನಲ್ಲಿ, ಪಕ್ಕದ ಮನೆಯ ಹುಡುಗಿಯ ದನಿಯಲ್ಲಿ ಹೇಳಿಸಿದ್ದೆ.

ಮರುದಿನ ನಿರ್ಮಾಪಕರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ, ಸ್ಟುಡಿಯೊದ ಹುಡುಗರ ಸಂಬಳ ತಪ್ಪಬಾರದೆಂದು ಮದುವೆಯ ವಿಡಿಯೊಗಳನ್ನೂ ಒಪ್ಪಿಕೊಳ್ಳುವವರು. ಆದರೆ ಕೇಳಿ ಅವರಿಗೆ ಖುಷಿಯಾಯಿತು. ಆ ಹುಡುಗಿ ರೊಟ್ಟಿ ಇಡುವುದನ್ನು ಒಂದು ವಿಡಿಯೊ ಮಾಡಿ ಕಳಿಸಲು ಹೇಳಿದರು. ಇಂಥದ್ದನ್ನು ಕಂಪನಿಯವರಿಗೆ ತೋರಿಸಿದರೆ ಇಡೀ ಮಾಲಿಕೆ ನಮ್ಮ ಕೈಗೇ ಬರುತ್ತದೆ, ಎಲ್ಲ ಕಡೆ ಅದೇ ಜಾಹೀರಾತಾಗುತ್ತದೆ ಎಂದರು.

ಆಗುವುದಿಲ್ಲ ಎಂದೆ. ಅವಳ ಮನೆಯವರನ್ನು ನಾನು ಒಪ್ಪಿಸುತ್ತೇನೆ ಎಂದರು. ಅವರು ಒಪ್ಪಿದರೂ ನಾನು ಮಾಡುವುದಿಲ್ಲ, ಕೊನೆಯ ತುಣುಕನ್ನು ಬದಲಿಸಬೇಕು ಎಂದೆ.

“ಮೇಡಂ, ಅದನ್ನ ಬದಲಿ ಮಾಡಿದ್ರ ಕಂಪನ್ಯಾವ್ರು ಬೆಂಗಳೂರಿಗೆ ಕೊಟ್ಟಬಿಡ್ತಾರ್ರಿ. ಆಮ್ಯಾಲ ನಿಮ್ಮ ಮಿಟುಕಿ ಪುಸ್ತಕದಂಗ ಮಾತಾಡ್ತಾಳ. ಅದು ನಡಿತೈತೇನ್ರಿ ನಿಮಗ?”

ಅದು ನಡೆಯುತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಕೆಲಸ ಬಿಟ್ಟುಬಿಡುವುದು ಸುಲಭದ ದಾರಿ ಅನ್ನಿಸಿತು. ಆದರೆ ಬಿಟ್ಟರೆ ಆ ಹುಡುಗಿಗೆ ಏನೂ ಉಪಯೋಗವಾಗುವುದಿಲ್ಲ. ಅವಳು ನಾಳೆಯೂ ಶಟರಿನ ಮುಂದೆ ನಿಂತಿರುತ್ತಾಳೆ. ಅವಳು ನಂಬುವುದು ಮಿಟುಕಿಯ ಮಾತನ್ನು. ಹೇಳಿದ್ದನ್ನು ತಿದ್ದಬೇಕಾದವಳೂ ಮಿಟುಕಿಯೇ. ಹಾಗೆಂದು ನಿಶ್ಚಯವಾದ ಮೇಲೆ ನಿರ್ಮಾಪಕರಿಗೆ ಹೇಳದೆಯೇ ಭಾನುವಾರ ನರಗುಂದಕ್ಕೆ ಹೋದೆ.

ನಾನು ಹೇಳಿದ್ದನ್ನೆಲ್ಲ ಅಕ್ಕೋರು ಕೌದಿ ತೂಗುಹಾಕುತ್ತಲೇ ಕೇಳಿಸಿಕೊಂಡರು. ಶಟರಿನ ಸಂಗತಿ ಬಂದಾಗ ಕೈಯಲ್ಲಿದ್ದ ಕೌದಿಯನ್ನು ಮಂಚದ ಮೇಲಿಟ್ಟು ಕೂತರು. ಹುಡುಗಿ ತಾನು ಉಣ್ಣುತ್ತಿದ್ದಾಳೋ ಇಲ್ಲವೋ ಎಂದು ಮೊದಲು ಕೇಳಿದರು. ಆಮೇಲೆ, “ಬರಿ. ಏನ್ ಅನಬೇಕು ಹೇಳು, ಅಂತೀನಿ” ಎಂದರು.

ಚಿತ್ರ ಬದಲಾಗುವುದಿಲ್ಲ. ನಕ್ಷತ್ರಗಳ ಹಿನ್ನೆಲೆ, ಮಿಟುಕಿಯ ಮುಖ, ಅಷ್ಟೇ ಸಲ ತೆರೆಯುವ ಕೊಕ್ಕು. ನಡುವೆ ಒಂದು ಕಡೆ ಅದು ಪಕ್ಕಕ್ಕೆ ನೋಡಿ ಮತ್ತೆ ನಮ್ಮ ಕಡೆ ತಿರುಗುತ್ತದೆ. ಹಿಂದಿಯಲ್ಲಿ ಆ ನೋಟ ಅಂಗಡಿಯ ಕಡೆಗೆ. ಇಷ್ಟರೊಳಗೆ ಬೇರೆ ಮಾತು ಕೂರಬೇಕು. ಮೊದಲು ಬರೆದದ್ದು, ಅಂಗಡಿಯಲ್ಲಿರುವುದು ಬೊಂಬೆ, ಅದಕ್ಕೆ ಹಸಿವೆಯಿಲ್ಲ, ನೀವು ಚಿಂತೆ ಮಾಡಬೇಡಿ ಎಂಬರ್ಥದ್ದು. ಅಕ್ಕೋರು ಅದನ್ನು ಓದಿದಾಗ ಮಿಟುಕಿ ಹೋಗಿ ಮೂರನೆಯ ಇಯತ್ತೆಯ ಪಾಠ ಶುರುವಾಯಿತು. ಅವರೇ ನಕ್ಕು ನಿಲ್ಲಿಸಿದರು.

“ಇದು ನಾ ಮಾತಾಡಿದಂಗ ಆತು. ಹಕ್ಕಿ ಹಿಂಗೆಲ್ಲ ತಿಳಿಸಿ ಹೇಳಾಂಗಿಲ್ಲ.”

ಇನ್ನೂ ಎರಡು ಮೂರು ಬರೆದು ಹೊಡೆದುಹಾಕಿದೆ. ಬೊಂಬೆ ಎಂಬ ಮಾತು ಬಂದ ಕೂಡಲೇ ಮಿಟುಕಿ ಸುಳ್ಳಾಗುತ್ತಿದ್ದಳು. ಅವಳು ಸುಳ್ಳು ಎಂದು ಮಗುವಿಗೆ ಹೇಳುವುದು ನನಗೂ ಬೇಡವಾಗಿತ್ತು. ಕಥೆಯೊಳಗೆ ಅವಳು ಖರೇ ಇರಲಿ, ಆದರೆ ಅಂಗಡಿಯಲ್ಲಿ ಇರುವುದು ಬೇಡ. ಹಾಗಾದರೆ ಎಲ್ಲಿರಬೇಕು? ಪಕ್ಕಕ್ಕೆ ತಿರುಗಿ ಯಾರನ್ನು ನೋಡಬೇಕು? ಪ್ರಶ್ನೆ ಹೀಗೆ ಬಂದ ಮೇಲೆ ಉತ್ತರ ಕಷ್ಟವಾಗಲಿಲ್ಲ. ಕಥೆ ಮುಗಿಯುವುದು ಸಂಜೆಗೆ. ಸಂಜೆಗೆ ಮರಿಯ ಹತ್ತಿರ ಬರುವವರು ಯಾರೆಂದು ಎಲ್ಲ ಮಕ್ಕಳಿಗೂ ಗೊತ್ತು.

“ನಾ ನಮ್ಮ ಗೂಡಿನಾಗ ಅದೀನಿ. ಅಕಾ, ನಮ್ಮವ್ವ ಬಂದ್ಲು. ನಾ ಉಣ್ಣಾಕ ಹೊಂಟೆ. ನೀವೂ ಏಳ್ರಿ, ನಿಮ್ಮವ್ವ ಕರಿಯಾಕತ್ತಾಳ.”

‘ಅಕಾ’ ಎಂದರೆ ಅಗೋ ಎಂದು. ಪಕ್ಕಕ್ಕೆ ತಿರುಗುವ ನೋಟ ಸರಿಯಾಗಿ ಅದರ ಮೇಲೆ ಬಿತ್ತು. ಕೊನೆಯಲ್ಲಿ ಎರಡು ಗೆರೆ ಉಳಿದವು. ಅಲ್ಲಿ ಅಕ್ಕೋರು ಸಣ್ಣದಾಗಿ ಆಕಳಿಸಿದರು. ಅದು ನಾನು ಬರೆದದ್ದಲ್ಲ. ಟ್ರ್ಯಾಕ್ಟರಿನಿಂದಾಗಿ ಎರಡು ಟೇಕು ಹಾಳಾದವು, ಮೂರನೆಯದು ಉಳಿಯಿತು.

ಹುಬ್ಬಳ್ಳಿಗೆ ಹೋಗಿ ನಿರ್ಮಾಪಕರಿಗೆ ಎರಡನ್ನೂ ಒಂದಾದ ಮೇಲೊಂದು ತೋರಿಸಿದೆ. ಹಳೆಯದು, ಹೊಸದು. ಹೊಸದನ್ನು ಅವರು ಮತ್ತೊಮ್ಮೆ ಹಾಕಿಸಿದರು.

“ಅಲ್ರಿ, ಇನ್ನೊಂದು ಕಂತು ನೋಡ್ರಿ ಅಂತ ಎಲ್ಲಾರೂ ಕುಂದ್ರಸ್ತಾರ. ನೀವು ಉಣ್ಣಾಕ ಎಬ್ಬಿಸಿ ಕಳಸಾಕತ್ತೀರಲ್ರಿ?”

“ನಿಮ್ಮ ಮಗಳೂ ಐದು ವರ್ಷದಾಕಿ ಇದ್ದಾಳಲ್ರಿ ಸರ್. ಆಕಿಗೆ ಯಾವುದು ತೋರಸ್ತೀರಿ?”

ಅಷ್ಟು ನೇರವಾಗಿ ಮಾತಾಡುವುದು ನನ್ನ ಅಭ್ಯಾಸವಲ್ಲ. ಅವರು ಸಿಟ್ಟಾಗಲಿಲ್ಲ, ಕುರ್ಚಿ ಹಿಂದಕ್ಕೆ ತಳ್ಳಿ, ಜಾಹೀರಾತು ಇಲ್ಲದೆ ಕಂಪನಿಯವರು ಒಪ್ಪುವುದಿಲ್ಲ, ಅದಕ್ಕೇನು ಮಾಡುವುದು ಎಂದು ಕೇಳಿದರು. ಜಾಹೀರಾತು ಇರಲಿ ಎಂದೆ. ಕಥೆ ಮುಗಿದು, ಪರದೆ ಪೂರ್ತಿ ಕಪ್ಪಾಗಿ, ಆಮೇಲೆ ಡಬ್ಬಿಯ ಚಿತ್ರ ಬರಲಿ. ಮಿಟುಕಿಯ ದನಿ ಬೇಡ, ದೊಡ್ಡವರೊಬ್ಬರು ಮಾತಾಡಲಿ. ಇದು ಜಾಹೀರಾತು ಎಂದು ಮೊದಲೇ ಹೇಳಲಿ.

“ಜಾಹೀರಾತು ಅಂತ ಹೇಳಿ ಜಾಹೀರಾತು ಮಾಡಿದ್ರ ಯಾರ್ ತಗೊಳ್ತಾರ್ರಿ?”

“ಬೇಕಾದವ್ರು ತಗೊಳ್ತಾರ್ರಿ. ಪಾಪ ಅಂತ ಯಾರೂ ತಗೊಳ್ಳೂದಿಲ್ಲ, ಅಷ್ಟ.”

ಅವರು ಒಳಗೆ ಹೋಗಿ ಕಂಪನಿಯವರೊಡನೆ ಬಹಳ ಹೊತ್ತು ಹಿಂದಿಯಲ್ಲಿ ಮಾತಾಡಿದರು. ಬಾಗಿಲು ಮುಚ್ಚಿತ್ತು, ಒಂದೆರಡು ಸಲ ಅವರ ದನಿ ಏರಿದ್ದು ಕೇಳಿತು. ಹೊರಬಂದು ಹೇಳಿದ್ದು ಇಷ್ಟು: ನಮ್ಮ ಭಾಗ ಅವರಿಗೆ ಸಣ್ಣ ಮಾರುಕಟ್ಟೆ, ಆದ್ದರಿಂದ ಈ ಮಾತಿನ ಆವೃತ್ತಿಗೆ ಮಾತ್ರ ಸದ್ಯಕ್ಕೆ ಒಪ್ಪಿದ್ದಾರೆ. ಬೇರೆ ಭಾಷೆಗಳಲ್ಲಿ ಹಳೆಯ ತುಣುಕೇ ಹೋಗುತ್ತದೆ. ಮಾರಾಟ ನೋಡಿ ಮುಂದಿನದನ್ನು ಯೋಚಿಸುತ್ತಾರೆ. ಅದು ನನಗೆ ಅರ್ಧ ಸಮಾಧಾನ. ಈಗಲೂ ಅರ್ಧವೇ. ಬೇರೆ ಊರಿನ ಎಷ್ಟು ಅಂಗಡಿಗಳ ಮುಂದೆ ಯಾರು ನಿಂತಿರುತ್ತಾರೋ ನನಗೆ ತಿಳಿಯದು.

ದೊಡ್ಡವರ ದನಿಗೆ ಬೇರೆ ಕಲಾವಿದರನ್ನು ಕರೆಸಲು ಅವಕಾಶವಿರಲಿಲ್ಲ. ನಿರ್ಮಾಪಕರೇ ಮೈಕಿನ ಮುಂದೆ ನಿಂತು, ಕೆಮ್ಮಿ ಗಂಟಲು ಸರಿಮಾಡಿಕೊಂಡು, ಸಹಕಾರಿ ಸಂಘದ ಪ್ರಕಟಣೆ ಓದುವವರ ಹಾಗೆ ಓದಿದರು. ಇದು ಜಾಹೀರಾತು. ಮಿಟುಕಿ ಚಿತ್ರದ ಬೊಂಬೆ ಅಂಗಡಿಗಳಲ್ಲಿ ಸಿಗುತ್ತದೆ. ಅದಕ್ಕಿಂತ ನೀರಸವಾಗಿ ಯಾರಿಗೂ ಹೇಳಲು ಸಾಧ್ಯವಿರಲಿಲ್ಲ. ನಾನು ಎರಡನೆಯ ಟೇಕು ಕೇಳಲಿಲ್ಲ.

ಕೊನೆ ತಿದ್ದಿದ ಕಂತುಗಳನ್ನು ತೆಗೆದುಕೊಂಡು ಮತ್ತೆ ಚಿಗವ್ವನ ಪಡಸಾಲೆಗೆ ಹೋದೆ. ಈ ಸಲ ಅಜ್ಜಿಯೂ ಬಂದು ಕಂಬಕ್ಕೆ ಒರಗಿ ಕೂತಿದ್ದರು. ಹುಡುಗಿ ಟಿವಿಯ ಕೆಳಗೆ ಅದೇ ಜಾಗದಲ್ಲಿ. ಮೊದಲಿಗಿಂತ ಸ್ವಲ್ಪ ಸೊರಗಿದ ಹಾಗೆ ಕಂಡಳು, ಅಥವಾ ನನಗೆ ಹಾಗನ್ನಿಸಿತು. ಕಥೆ ಮುಗಿಯಿತು. ನಕ್ಷತ್ರಗಳು ಬಂದವು. ಮಿಟುಕಿ ಗೂಡಿನಲ್ಲಿದ್ದೇನೆ ಎಂದಳು, ಪಕ್ಕಕ್ಕೆ ನೋಡಿ ಅವ್ವ ಬಂದಳು ಎಂದಳು, ಉಣ್ಣಲು ಹೊರಟಳು, ಆಕಳಿಸಿದಳು. ಪರದೆ ಕಪ್ಪಾಯಿತು. ಆಮೇಲೆ ನಿರ್ಮಾಪಕರ ದನಿ ಬರುತ್ತಲೇ ಮಕ್ಕಳು ಎದ್ದು ಚಪ್ಪಲಿ ಹುಡುಕತೊಡಗಿದರು.

ಹುಡುಗಿ ಮಾತ್ರ ಏಳಲಿಲ್ಲ. ಇನ್ನೊಮ್ಮೆ ಹಾಕಲು ಹೇಳಿದಳು. ಹಾಕಿದೆ. ಈ ಸಲ ಅವಳು ಮಿಟುಕಿಯನ್ನಲ್ಲ, ಮಿಟುಕಿ ನೋಡುವ ಕಡೆ, ಪರದೆಯ ಅಂಚನ್ನು ನೋಡುತ್ತಿದ್ದಳು. ಮುಗಿದ ಮೇಲೆ ಅಜ್ಜಿಯ ಬಳಿ ಹೋಗಿ ಮಡಿಲಲ್ಲಿ ಕೂತಳು.

“ಅಜ್ಜೀ, ಅವರವ್ವ ಬಂದಾಳ.”

“ಬರದ ಏನ್ ಮಾಡ್ತಾಳ?” ಎಂದರು ಅಜ್ಜಿ.

ಅಷ್ಟಕ್ಕೇ ಎಲ್ಲ ಮುಗಿಯಿತೆಂದು ನಾನು ನಂಬಲಿಲ್ಲ. ಆ ಸಂಜೆ ಚಿಗವ್ವನ ಮನೆಯಲ್ಲೇ ಉಳಿದು ಮರುದಿನ ಬೆಳಿಗ್ಗೆ ಅಂಗಡಿಗೆ ಹೋದೆ. ಅಂಗಡಿಯವರು ಚಹಾ ತರಿಸಿಕೊಂಡು ಕೂತಿದ್ದರು. ಬೊಂಬೆಯ ಮುಂದಿನ ತಾಟು ತೊಳೆದು ಒರೆಸಿಟ್ಟಿತ್ತು. ಸ್ವಲ್ಪ ಹೊತ್ತಿಗೆ ಹುಡುಗಿ ಅಜ್ಜಿಯ ಕೈ ಹಿಡಿದು ಬಂದಳು. ಇನ್ನೊಂದು ಕೈಯಲ್ಲಿ ಸುತ್ತಿದ ರೊಟ್ಟಿ; ಕಚ್ಚಿ ತಿನ್ನುತ್ತಿದ್ದಳು. ಬೊಂಬೆಯ ಮುಂದೆ ಹಾದು, ಹೊಟ್ಟೆಯನ್ನು ಒಮ್ಮೆ ಒತ್ತಿ, ಅದು ಕಣ್ಣು ಮಿಟುಕಿಸಿದ್ದನ್ನು ನೋಡಿ, ಚೆಂಡುಗಳ ಬುಟ್ಟಿಯ ಕಡೆ ಹೋದಳು.

ಅಂಗಡಿಯವರು ಚಹಾದ ಬಟ್ಟಲು ಹಿಡಿದುಕೊಂಡೇ ಕೇಳಿದರು. “ಯಾಕವ್ವ, ಇವತ್ತ ಆಕಿಗೆ ರೊಟ್ಟಿ ಇಲ್ಲೇನು?”

ಹುಡುಗಿ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದಳು. ಅಷ್ಟು ದೊಡ್ಡವರಿಗೆ ಇಷ್ಟು ಸಣ್ಣ ಸಂಗತಿ ತಿಳಿಯದಿದ್ದುದಕ್ಕೆ ಕರುಣೆಯಿಂದ ಅವರನ್ನು ನೋಡಿದಳು.

“ಬೊಂಬಿ ರೊಟ್ಟಿ ತಿಂತಾವೇನ್ರಿ?”

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದರು. ಅಂಗಡಿಯವರು ಇಲ್ಲ ಎಂಬಂತೆ ತಲೆಯಾಡಿಸಿ, ಬರೀ ಚಹಾ ಕುಡಿದರು.